ಕೂಲರ್ ಕೋಣೆಯ ಮಾತು ಹೊರಗೆ ಹೋದದ್ದು

ಪಗಾರ ಹೆಚ್ಚಾದ ಸುದ್ದಿ ಬಂದ ಮಧ್ಯಾಹ್ನ ನಾವು ನಾಲ್ವರು ವೈರ್‌ಲೆಸ್ ಕೋಣೆಯಲ್ಲಿ ಊಟಕ್ಕೆ ಕುಳಿತಿದ್ದೆವು. ನಾನು ಆ ಠಾಣೆಯ ಎಎಸ್‌ಐ. ನನ್ನ ಎದುರಿಗೆ ವೈರ್‌ಲೆಸ್ ನೋಡಿಕೊಳ್ಳುವ ಹೆಡ್ ಕಾನ್ಸ್‌ಟೇಬಲ್, ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಬಾಗಿಲಿಗೆ ಬೆನ್ನು ಕೊಟ್ಟು ಜೀಪಿನ ಚಾಲಕ. ಮೂಲೆಯ ಸ್ಟೂಲಿನ ಮೇಲೆ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಆಗಷ್ಟೇ ವರ್ಗವಾಗಿ ಬಂದಿದ್ದ ಮಹಿಳಾ ಕಾನ್ಸ್‌ಟೇಬಲ್. ನಮ್ಮ ಭಾಗದ ಠಾಣೆಗಳನ್ನೆಲ್ಲ ನೋಡಿಕೊಳ್ಳುವ ಮೇಲಿನ ಸಾಹೇಬರ ಕಚೇರಿಯಲ್ಲಿ ಆಕೆ ಮೊದಲು ಕೆಲಸ ಮಾಡುತ್ತಿದ್ದಳು. ಗಂಡ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಹಳಿ ಕಾಯುವವನು, ಮಗಳು ಅಲ್ಲೇ ಶಾಲೆಗೆ ಹೋಗುವವಳು. ವಾಡಿಯಿಂದ ದಿನಾ ಹೋಗಿ ಬರುವಷ್ಟು ಹತ್ತಿರದ ಠಾಣೆ ಸಿಕ್ಕಿತೆಂದು ಆಕೆಯ ಮುಖದಲ್ಲಿ ಹಿಗ್ಗು ಇನ್ನೂ ಆರಿರಲಿಲ್ಲ.

ಊಟಕ್ಕೆ ಆ ಕೋಣೆಯೇ ಯಾಕೆಂದರೆ ಕೂಲರ್ ಇದ್ದದ್ದು ಅಲ್ಲಿ ಮಾತ್ರ. ಶಹಾಬಾದಿ ಕಲ್ಲಿನ ಹಳೆಯ ಕಟ್ಟಡ ನಮ್ಮದು. ಬೇಸಿಗೆಯಲ್ಲಿ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಸರಕಾರ ಕೂಲರ್ ಕೊಟ್ಟದ್ದು ಮಷೀನಿಗೆ, ನಮಗಲ್ಲ. ಮಷೀನಿನ ಪುಣ್ಯದಿಂದ ನಮಗೂ ಒಂದಿಷ್ಟು ಗಾಳಿ.

ಮೇಜಿನ ಮೇಲೆ ಎರಡು ಸೆಟ್ಟುಗಳಿದ್ದವು. ಒಂದು ಜಿಲ್ಲಾ ಕಂಟ್ರೋಲ್ ರೂಮಿನದು. ಇನ್ನೊಂದು, ಮೇಲಿನ ಸಾಹೇಬರು ತಮ್ಮ ಠಾಣೆಗಳಿಗೆಂದೇ ಬೇರೆ ಚಾನೆಲ್ ಮಾಡಿಸಿಕೊಂಡಾಗ ಉಗ್ರಾಣದಿಂದ ತಂದು ಕೂಡಿಸಿದ ಹಳೆಯ ಸೆಟ್ಟು. ಅದರ ಮೈಕು ಸಿಕ್ಕಿಸುವ ಕ್ಲಿಪ್ ಮುರಿದಿತ್ತು. ಹಾಗಾಗಿ ಮೈಕನ್ನು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದೆವು. ಅದು ಬಂದ ವಾರವೇ ಆಯುಧ ಪೂಜೆ. ಹೊಸದಾಗಿ ಬಂದ ಸೊಸೆಗೆ ಮಾಡಿದ ಹಾಗೆ ಅದಕ್ಕೆ ಉಪಚಾರ ಜೋರಾಗಿಯೇ ನಡೆದಿತ್ತು. ಮುಖದ ತುಂಬ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಪೂಜೆಯ ವಿಭೂತಿ ಒರೆಸಬಾರದೆಂದು ಯಾರೂ ಒರೆಸಿರಲಿಲ್ಲ. ಬೇಸಿಗೆ ಬಂದರೂ ಸೆಟ್ಟು ಜಂಗಮರ ಹಾಗೆ ವಿಭೂತಿ ಧರಿಸಿಯೇ ಕುಳಿತಿತ್ತು.

ಪಗಾರದ ಆದೇಶ ಚಾಲಕನ ಫೋನಿಗೆ ಬಂತು. ಅವನು ಓದಿದ, ಮತ್ತೆ ಓದಿದ, ಫೋನನ್ನು ನನ್ನ ಕಡೆ ಚಾಚಿದ.

"ಮಾಮಾ, ಖರೇ ಏನ್ ನೋಡ್ರಿ. ನಾ ಓದಿದ್ದು ನಂಗೇ ನಂಬಿಕಿ ಇಲ್ಲ."

ಖರೆಯೇ ಇತ್ತು. ಹೆಡ್ ಕಾನ್ಸ್‌ಟೇಬಲ್ ರೊಟ್ಟಿ ಮುರಿಯುತ್ತ, "ನಮ್ಮಾಕಿಗಿ ಹೇಳಬ್ಯಾಡ್ರಿ. ಹೇಳಿದ್ರ ನಾಳೆನೇ ಖರ್ಚ್ ಆಗ್ತದ" ಅಂದ. ಮಹಿಳಾ ಕಾನ್ಸ್‌ಟೇಬಲ್ ತನ್ನ ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ಎಲ್ಲರಿಗೂ ಮುರಿದು ಕೊಟ್ಟಳು. ಮುಂದಿನ ಕೋಣೆಯಲ್ಲಿದ್ದ ನಮ್ಮ ಪಿಎಸ್‌ಐಗೂ ಒಂದು ತುಂಡು ಹೋಯಿತು. ನನ್ನ ಮಗನ ವಯಸ್ಸಿನ ಹುಡುಗ ಅವರು. ಒಳ್ಳೆಯವರು, ಆದರೆ ಫೋನು ಬಡಿದರೆ ಕುರ್ಚಿಯಿಂದ ಏಳುವಷ್ಟು ಅಂಜಿಕೆ. ಆ ಕೋಣೆಯಲ್ಲಿ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕ ಕೊನೆಯ ಊಟ ಅದು. ಬಹಳ ದಿನಗಳವರೆಗೆ ಮತ್ತೆ ಅಂಥ ಊಟ ಆಗಲಿಲ್ಲ.

ಮೇಲಿನ ಸಾಹೇಬರು ದಕ್ಷಿಣದ ಕಡೆಯವರು. ಅಳೆದು ತೂಗಿ ಮಾತಾಡುವವರು. ಆ ವಾರದ ಸಭೆಯಲ್ಲಿ ಅವರು ಹೇಳಿದ್ದು ಇಷ್ಟೇ: "ಸರ್ಕಾರ ಸಂಬಳ ಹೆಚ್ಚಿಸಿದೆ. ಇನ್ನು ಕೆಲಸ ಎಷ್ಟು ಹೆಚ್ಚುತ್ತದೆ ನಾನು ನೋಡುತ್ತೇನೆ."

ನೋಡಲು ಶುರು ಮಾಡಿಯೇಬಿಟ್ಟರು. ಮೊದಲು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಜರಿ ಹೇಳಿದರೆ ಸಾಕಿತ್ತು. ಈಗ ಪ್ರತಿ ತಾಸಿಗೆ ಅವರ ಚಾನೆಲ್ಲಿನಲ್ಲಿ ಒಬ್ಬೊಬ್ಬರ ಹೆಸರು ಓದಿ, ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಹೇಳಬೇಕು. ಬೀಟಿಗೆ ಹೋದವರು ಪ್ರತಿ ಪಾಯಿಂಟಿನಲ್ಲಿ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಫೋಟೋದಲ್ಲಿ ಟೋಪಿ ಇರಬೇಕು, ಹಿಂದೆ ಊರಿನ ಹಲಗೆ ಕಾಣಬೇಕು. ದಂಡೋತಿಯ ಹೊಳೆ ಸೇತುವೆಯ ಮೇಲೆ ನಮ್ಮ ಕಾನ್ಸ್‌ಟೇಬಲ್‌ಗಳು ಹಲಗೆ ಹುಡುಕಿಕೊಂಡು ನಿಲ್ಲುವುದನ್ನು ನೋಡಿ, ತೊಗರಿ ಹೊಲದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಜಗಳ ಬಿಡಿಸಲು ಹೋದವನು ಮೊದಲು ಫೋಟೋ ತೆಗೆದುಕೊಂಡು ಆಮೇಲೆ ಕೈ ಹಾಕುವ ಕಾಲ ಬಂತು.

ತಾಸಿಗೊಮ್ಮೆಯ ಹಾಜರಿ ಬಿದ್ದದ್ದು ಹೆಡ್ ಕಾನ್ಸ್‌ಟೇಬಲ್‌ನ ಹೆಬ್ಬೆರಳಿನ ಮೇಲೆ. ಮೈಕಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರಷ್ಟೇ ನಮ್ಮ ಮಾತು ಆಚೆ ಹೋಗುತ್ತದೆ, ಬಿಟ್ಟರೆ ಅವರ ಮಾತು ಈಚೆ ಬರುತ್ತದೆ. ಹಳೆಯ ಸೆಟ್ಟಿನ ಗುಂಡಿ ಬಿಗಿಯಾಗಿತ್ತು. ಅಷ್ಟು ಹೊತ್ತು ಒತ್ತಿ ಹೆಸರು ಓದಿ ಓದಿ ಅವನ ಹೆಬ್ಬೆರಳು ಊದಿಕೊಂಡಿತು. ರಿಪೇರಿಗೆ ಬರೆದರೆ ಉತ್ತರ ಬರಲಿಲ್ಲ. ಅವನು ತನ್ನದೇ ಉಪಾಯ ಮಾಡಿಕೊಂಡ. ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಮೈಕಿಗೆ ತೊಡಿಸಿದ. ಹಾಜರಿ ಓದುವಾಗ ಪಟ್ಟಿಯನ್ನು ಗುಂಡಿಯ ಮೇಲೆ ಎಳೆದುಕೊಳ್ಳುವುದು, ಮುಗಿದ ಮೇಲೆ ಮೇಲಕ್ಕೆ ಸರಿಸಿ ಮೈಕನ್ನು ಮೊಳೆಗೆ ಹಾಕುವುದು. ನಾವೆಲ್ಲ ಅದನ್ನು ನೋಡಿ ಮೆಚ್ಚಿಕೊಂಡೆವು. ಚಾಲಕ, "ನಿಮ್ಮ ಹೆಬ್ಬಟ್ಟಿಗಿ ಪ್ರಮೋಶನ್ ಆತು ನೋಡ್ರಿ" ಅಂದ.

ಮಾತು ಹೊರಗೆ ಹೋಗುತ್ತಿದೆ ಎಂದು ಮೊದಲು ಗೊತ್ತಾದದ್ದು ಮುಂದಿನ ಸಭೆಯಲ್ಲಿ. ಊಟಕ್ಕೆ ಕುಳಿತಾಗ ಹೆಡ್ ಕಾನ್ಸ್‌ಟೇಬಲ್, "ಇನ್ನ ಮ್ಯಾಲ ಉಸಿರು ಬಿಡಾಕೂ ಫೋಟೋ ಕಳಸ್ಬೇಕಾಗ್ತದ" ಅಂದಿದ್ದ. ಎರಡೇ ದಿನಕ್ಕೆ ಸಾಹೇಬರು ಎಲ್ಲ ಠಾಣೆಯವರ ಎದುರು ನಮ್ಮ ಕಡೆ ತಿರುಗಿ ಹೇಳಿದರು: "ನಿಮ್ಮ ಠಾಣೆಯವರು ಉಸಿರು ಬಿಡುವುದರ ಫೋಟೋ ಕಳಿಸಬೇಕಾಗಿಲ್ಲ. ಪಾಯಿಂಟಿನದು ಕಳಿಸಿದರೆ ಸಾಕು."

ಹೆಡ್ ಕಾನ್ಸ್‌ಟೇಬಲ್‌ನ ಮುಖ ಸುಣ್ಣದ ಹಾಗಾಯಿತು.

ಆಮೇಲೆ ಚಾಲಕನ ಸರದಿ. ಮಧ್ಯಾಹ್ನ ಹೊಳೆ ದಂಡೆಯ ಬೇವಿನ ಗಿಡದ ಕೆಳಗೆ ಜೀಪು ನಿಲ್ಲಿಸಿ ಒಂದು ಕಣ್ಣು ಮುಚ್ಚುತ್ತೇನೆ ಎಂದು ಊಟದಲ್ಲಿ ಹೇಳಿಕೊಂಡಿದ್ದ. ಮರುದಿನವೇ ಬೇವಿನ ಗಿಡದ ಹೆಸರು ಹಿಡಿದು ಅವನಿಗೆ ಮೆಮೊ ಬಂತು. ಚಿತ್ತಾಪುರದ ಕೋರ್ಟಿಗೆ ಹೋದ ಕಾನ್ಸ್‌ಟೇಬಲ್ ವಾಪಸು ಬರುವಾಗ ಮಾವನ ಮನೆಗೆ ಹೊಕ್ಕು ಬಂದದ್ದೂ ಸಾಹೇಬರಿಗೆ ತಿಳಿಯಿತು. ವಿಚಿತ್ರವೆಂದರೆ ಎಲ್ಲವೂ ತಿಳಿಯುತ್ತಿರಲಿಲ್ಲ. ಒಂದು ದಿನ ಬೈದಾಡಿದ್ದು ಹೋಗುತ್ತಿತ್ತು, ಇನ್ನೊಂದು ದಿನ ಅದಕ್ಕಿಂತ ಹೆಚ್ಚು ಬೈದರೂ ಸದ್ದಿಲ್ಲ. ಅದರಿಂದ ಸಂಶಯ ಇನ್ನೂ ಗಟ್ಟಿಯಾಯಿತು. ಯಾರೋ ಆರಿಸಿ ಆರಿಸಿ ಹೇಳುತ್ತಿದ್ದಾರೆ ಎಂದಾಯಿತು.

ಯಾರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಣ್ಣುಗಳು ಮಾತ್ರ ಮೂಲೆಯ ಸ್ಟೂಲಿನ ಕಡೆ ಹೋಗತೊಡಗಿದವು. ಆಕೆ ಸಾಹೇಬರ ಕಚೇರಿಯಿಂದ ಬಂದವಳು. ಆಕೆ ಬಂದ ಮೇಲೆಯೇ ಇದು ಶುರುವಾದದ್ದು. ಅದಕ್ಕೆ ಸರಿಯಾಗಿ ಪರಿಷ್ಕೃತ ಪಗಾರ ನಮ್ಮ ಠಾಣೆಯಲ್ಲಿ ಮೊದಲು ಬಂದದ್ದು ಆಕೆಗೆ. ನಮ್ಮೆಲ್ಲರ ಹೊಸ ಪಗಾರ ಇನ್ನೂ ಕಚೇರಿಯ ಕಪಾಟಿನಲ್ಲಿ ಮಲಗಿರುವಾಗ ಆಕೆಯ ಫೋನಿಗೆ ಮೆಸೇಜು ಬಂತು. ಆಕೆ ಖುಷಿಯಿಂದ ಹೇಳಿಯೂಬಿಟ್ಟಳು.

"ಹಂಗಾದ್ರ ಸುಮ್ಮ ಸುಮ್ಮನ ಬರ್ತಾದೇನ್ರಿ" ಅಂದ ಹೆಡ್ ಕಾನ್ಸ್‌ಟೇಬಲ್, ಆಕೆ ಹೊರಗೆ ಹೋದ ಮೇಲೆ. "ಸೇವಾ ಮಾಡಿದವರಿಗೇ ಪ್ರಸಾದ ಮೊದ್ಲು."

ವರ್ಗಾವಣೆಗೆಂದು ಆಕೆಯ ಸೇವಾ ಪುಸ್ತಕ ಆಗಲೇ ಜಿಲ್ಲಾ ಕಚೇರಿಯ ಮೇಜಿನ ಮೇಲಿತ್ತು, ಅದಕ್ಕೇ ಮೊದಲು ಆಯಿತು. ಇದು ನನಗೆ ತಿಳಿದಿತ್ತು, ಹೇಳಿದೆ ಕೂಡ. ಸಂಶಯದ ಕಿವಿಗೆ ಕಾರಣ ಕೇಳಿಸುವುದಿಲ್ಲ. ನಿಜ ಹೇಳಬೇಕೆಂದರೆ, ಹೇಳುವಾಗ ನನ್ನ ದನಿಯಲ್ಲೂ ಗಟ್ಟಿತನ ಇರಲಿಲ್ಲ.

ಮುಂದಿನ ದಿನಗಳು ಹೇಗಿದ್ದವೆಂದರೆ, ಆಕೆ ಕೋಣೆಗೆ ಬಂದರೆ ಮಾತು ಬಿಸಿಲಿನ ಕಡೆ ತಿರುಗುತ್ತಿತ್ತು. "ಏನ್ ಬಿಸಲ್ರಿ" ಅಂತ ಒಬ್ಬ, "ಹೌದ್ರಿ, ಭಾಳ ಬಿಸಲು" ಅಂತ ಇನ್ನೊಬ್ಬ. ಮಳೆ ಬಂದ ದಿನವೂ ಚಾಲಕ ಬಿಸಿಲಿನ ಮಾತೇ ಆಡಿದ. ಚಹಾ ತರಿಸಿದರೆ ಒಂದು ಲೋಟ ಕಡಿಮೆ ಬೀಳುತ್ತಿತ್ತು. ಹೆಡ್ ಕಾನ್ಸ್‌ಟೇಬಲ್ ಚೇಷ್ಟೆ ಮಾಡುವುದು ಬಿಟ್ಟ. ಅವನ ಚೇಷ್ಟೆ ಇಲ್ಲದ ಠಾಣೆ ಹೆಣ ಬಿದ್ದ ಮನೆಯ ಹಾಗೆ. ಹೆಚ್ಚಿನ ಪಗಾರ ಎಲ್ಲರಿಗೂ ಬಂತು. ಪೇಢೆ ತರಿಸುವ ಮನಸ್ಸು ಯಾರಿಗೂ ಬರಲಿಲ್ಲ.

ಒಂದು ಸಂಜೆ ಹೆಡ್ ಕಾನ್ಸ್‌ಟೇಬಲ್ ನನ್ನ ಮುಂದೆ ಒಂದು ಅರ್ಜಿ ಇಟ್ಟ. ಆಕೆಯಿಂದ ಠಾಣೆಯ ವಾತಾವರಣ ಕೆಡುತ್ತಿದೆ, ಬೇರೆ ಕಡೆ ಹಾಕಬೇಕು ಎಂದು. ಎಲ್ಲರ ಸಹಿ ಬಿದ್ದಿತ್ತು.

"ನಿಮ್ದೊಂದೇ ಉಳದದ್ರಿ. ಹಿರ್ಯಾರ ಸಹಿ ಇದ್ರ ತೂಕ."

"ನಾಳೆ ನೋಡಮ್" ಅಂದೆ.

"ನಾಳೆ ಅನ್ಕೋತ ಕುಂತ್ರ ನಮ್ಮೆಲ್ಲಾರ್‌ದೂ ಮೆಮೊ ಆಗ್ತದ ಮಾಮಾ."

ಮರುದಿನ ಬೆಳಿಗ್ಗೆ ಆಕೆಯೇ ನನ್ನ ಮೇಜಿನ ಎದುರು ಬಂದು ನಿಂತಳು. ಕುಂದ್ರು ತಂಗಿ ಅಂದರೂ ಕೂಡಲಿಲ್ಲ.

"ನಿಮಗ್ ತ್ರಾಸ ಬ್ಯಾಡ್ರಿ. ನಾನೇ ಅರ್ಜಿ ಕೊಟ್ಟೀನಿ. ಚಿಂಚೋಳಿ ಕಡಿ, ಗಡಿಮ್ಯಾಗ, ಎಲ್ಲಿಗಾದ್ರೂ ಹಾಕ್ರಿ ಅಂತ."

"ಅಲ್ಲಿಂದ ವಾಡಿಗಿ ದಿನಾ ಹೇಂಗ ಬರ್ತಿ? ಮಗಳು?"

"ಅತ್ತಿ ನೋಡ್ಕೋತಾರ." ಆಮೇಲೆ ಹೇಳಿದಳು: "ನಾ ಡಬ್ಬಿ ತೆರದ್ರ ನಿಮ್ಮೆಲ್ಲಾರ ಬಾಯಿ ಮುಚ್ಚತದ್ರಿ. ಎಷ್ಟ್ ದಿನ ಹಂಗ ಉಣ್ಲಿ?"

ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ನೀನು ಹೇಳಿಲ್ಲವೆಂದು ನನಗೆ ಗೊತ್ತು ಎನ್ನಬೇಕಿತ್ತು. ನನಗೆ ಗೊತ್ತಿರಲಿಲ್ಲ.

ಆ ವಾರ ಶಹಾಬಾದಿನಲ್ಲಿ ಬಂದೋಬಸ್ತ್ ಇತ್ತು. ಎಲ್ಲ ಕಡೆಯಿಂದ ಮಂದಿ ಬಂದಿದ್ದರು. ಸೇಡಂ ಕಡೆಯ ಒಬ್ಬ ಹಳೆಯ ಗೆಳೆಯ ಸಿಕ್ಕ, ತರಬೇತಿಯಲ್ಲಿ ನನ್ನ ಪಕ್ಕದ ಮಂಚದವನು. ಬ್ಯಾರಿಕೇಡಿನ ನೆರಳಿನಲ್ಲಿ ಕುಳಿತು ಚುರಮುರಿ ಸುಸಲಾ ತಿನ್ನುವಾಗ ಅವನು ನಕ್ಕು, "ನಿಮ್ಮ ಹೆಡ್ ಕಾನ್ಸ್‌ಟೇಬಲ್ ಹೇಣ್ತಿ ಪುಂಡಿಪಲ್ಯ ಭಾಳ ಹುಳಿ ಮಾಡ್ತಾಳಂತಲ್ಲೋ" ಅಂದ.

ತುತ್ತು ಬಾಯಲ್ಲೇ ಉಳಿಯಿತು. "ನಿನಗ್ಯಾರ್ ಹೇಳಿದ್ರು?"

ಅವನ ನಗು ನಿಂತಿತು. ಆ ಕಡೆ ಈ ಕಡೆ ನೋಡಿದ. "ಹಂಗ ಕೇಳಬ್ಯಾಡ. ನಮಗೂ ಹೇಣ್ತಿ ಮಕ್ಕಳು ಅದಾರ." ಕಾಗದದ ತಟ್ಟೆ ಮಡಚಿ ಎದ್ದು ಹೋದ.

ವಾಪಸು ಬರುವಾಗ ಜೀಪಿನಲ್ಲಿ ನಾನು ಆ ಪುಂಡಿಪಲ್ಯದ ಊಟವನ್ನು ನೆನಪು ಮಾಡಿಕೊಂಡೆ. ಹೆಡ್ ಕಾನ್ಸ್‌ಟೇಬಲ್ ಡಬ್ಬಿ ತೆರೆದು ಮುಖ ಕಿವುಚಿದ್ದು, ಹೆಂಡತಿಗೆ ಒಂದು ಮಾತು ಅಂದದ್ದು, ನಾನು ನಕ್ಕದ್ದು, ಚಾಲಕ ಪಲ್ಯವನ್ನು ತನ್ನ ಕಡೆ ಎಳೆದುಕೊಂಡದ್ದು. ಮೂಲೆಯ ಸ್ಟೂಲು ಖಾಲಿ ಇತ್ತು. ಆ ದಿನ ಆಕೆ ಮಗಳ ಶಾಲೆಗೆಂದು ರಜೆಯ ಮೇಲಿದ್ದಳು.

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಆಕೆ ಅಲ್ಲದಿದ್ದರೆ ಇನ್ನು ಉಳಿದವರು ಇಬ್ಬರು. ಒಬ್ಬ ನನ್ನ ಪಕ್ಕದಲ್ಲಿ ಜೀಪು ನಡೆಸುತ್ತಿದ್ದ. ಸ್ಟೇರಿಂಗಿನ ಮೇಲಿದ್ದ ಅವನ ಕೈಗಳನ್ನು, ವರ್ಷಗಟ್ಟಲೆ ನೋಡಿದ ಕೈಗಳನ್ನು, ನಾನು ಹೊಸಬನ ಕೈಗಳ ಹಾಗೆ ನೋಡುತ್ತ ಕುಳಿತೆ.

ನಮ್ಮ ಅಜ್ಜಿ ಮನೆಯಲ್ಲಿ ಬೆಣ್ಣೆ ಕಡಿಮೆಯಾದರೆ ಯಾರನ್ನೂ ಕೇಳುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಡೆ ಬೆಣ್ಣೆ ಇದೆಯೆಂದು ಹೇಳಿ ಸುಮ್ಮನಿರುತ್ತಿದ್ದಳು. ನಾನೂ ಅದನ್ನೇ ಮಾಡಿದೆ. ಚಾಲಕನಿಗೆ ಜೀಪಿನಲ್ಲಿ ಹೇಳಿದೆ, ಭಾನುವಾರ ನಾಲವಾರದ ಮಠಕ್ಕೆ ಹೋಗಿ ಬರುತ್ತೇನೆ, ಯಾರಿಗೂ ಹೇಳಬೇಡ ಎಂದು. ಹೆಡ್ ಕಾನ್ಸ್‌ಟೇಬಲ್‌ಗೆ ಹಿತ್ತಲಿನ ನಲ್ಲಿಯ ಹತ್ತಿರ, ತೆಂಗಳಿಯಲ್ಲಿ ಬೀಗರ ಕಾರ್ಯಕ್ರಮ ಇದೆ, ಡ್ಯೂಟಿ ಬಿಟ್ಟು ಹೋಗುತ್ತೇನೆ ಎಂದು. ಇಬ್ಬರಿಗೆ ಹೇಳಿದ ಮೇಲೆ ಮೂರನೆಯವಳನ್ನು ಬಿಡುವುದು ನ್ಯಾಯವಲ್ಲವೆಂದು ಆಕೆಗೂ ಗೇಟಿನ ಹತ್ತಿರ ಬೇರೆಯೇ ಒಂದು ಸುಳ್ಳು ಹೇಳಿದೆ. ಆಕೆ ಕೇಳಿಸಿಕೊಂಡು, "ನಂಗ್ಯಾಕ್ ಹೇಳ್ಲಿಕತ್ತೀರಿ" ಅಂದಳು. ಆಕೆಗೆ ತಿಳಿದಿತ್ತು ಅನಿಸುತ್ತದೆ.

ಮೂರೂ ಸುಳ್ಳು ಎಲ್ಲಿಗೂ ಹೋಗಲಿಲ್ಲ. ಹಾಜರಿಗಳು ಬಂದವು, ಹೋದವು, ಸಾಹೇಬರು ನನ್ನ ಸುದ್ದಿ ಎತ್ತಲಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ಹಾಜರಿಯ ಕೊನೆಗೆ ಸೆಟ್ಟಿನಿಂದ ಅವರ ದನಿ ಬಂತು: "ಎಎಸ್‌ಐ ಅವರಿಗೆ ತಿಳಿಸಿ. ಮೊಣಕಾಲಿಗೆ ಎಣ್ಣೆ ಹಾಕಿಸಿಕೊಳ್ಳಲು ದಂಡೋತಿಗೆ ಹೋಗುವುದಾದರೆ ರಜೆ ಹಾಕಿಯೇ ಹೋಗಲಿ."

ಹೆಡ್ ಕಾನ್ಸ್‌ಟೇಬಲ್ ನನ್ನ ಕಡೆ ತಿರುಗಿದ. ನನ್ನ ಕೈ ತಾನಾಗಿಯೇ ಮೊಣಕಾಲಿಗೆ ಹೋಯಿತು.

ದಂಡೋತಿಯ ಮಾತನ್ನು ನಾನು ಠಾಣೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಿಂದಿನ ದಿನ, ಇದೇ ಕೋಣೆಯಲ್ಲಿ ಒಬ್ಬನೇ ಕುಳಿತು, ಫೋನಿನಲ್ಲಿ ಹೆಂಡತಿಗೆ ಹೇಳಿದ್ದೆ. ಬಾಗಿಲು ಮುಚ್ಚಿತ್ತು. ಒಳಗೆ ನಾನು, ಕೂಲರ್, ಎರಡು ಸೆಟ್ಟು. ಮನುಷ್ಯರ ಮೇಲಿದ್ದ ಸಂಶಯವೆಲ್ಲ ಒಮ್ಮೆಲೇ ಗೋಡೆಗಳ ಮೇಲೆ ಬಂದು ಕುಳಿತಿತು.

ಮೊದಲು ನೋಡಿದ್ದು ಛಾವಣಿಯ ಮೂಲೆಯಲ್ಲಿದ್ದ ಸಿಸಿ ಕ್ಯಾಮೆರಾ. ಅದನ್ನು ಕೂಡಿಸಿದ ಹುಡುಗನನ್ನು ಕರೆಸಿದೆ. ಅವನು ಏಣಿ ಹತ್ತಿ ನೋಡಿ, "ಇದಕ್ಕ ಕಿವಿ ಇಲ್ರಿ ಸಾಹೇಬ್ರ, ಕಣ್ಣ್ ಅಷ್ಟೇ. ಕಣ್ಣಿಗೂ ಧೂಳ ಹಿಡದದ" ಎಂದು ಕೆಳಗಿಳಿದ. ಉಳಿದದ್ದು ಸೆಟ್ಟುಗಳು. ಯಾರಿಗೂ ಹೇಳದೆ ಚಾಲಕನೊಬ್ಬನನ್ನೇ ಕರೆದುಕೊಂಡೆ. ಮೂರು ಸುಳ್ಳಿನ ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗಿದ್ದರು. ಹೆಡ್ ಕಾನ್ಸ್‌ಟೇಬಲ್‌ಗೆ ಹೇಳಿದರೆ ತನ್ನ ಸೆಟ್ಟಿನ ಮೇಲೆ ಕೈ ಹಾಕಿದೆನೆಂದು ಊರೆಲ್ಲ ಕೂಗುತ್ತಿದ್ದ, ಅದಕ್ಕೆ ಬಿಟ್ಟೆ. ಜೀಪಿನ ಸೆಟ್ಟು ಯಾವಾಗಲೂ ಕಂಟ್ರೋಲ್ ರೂಮಿನ ಚಾನೆಲ್ಲಿನಲ್ಲಿರುತ್ತದೆ. ಅದನ್ನು ಸಾಹೇಬರ ಚಾನೆಲ್ಲಿಗೆ ತಿರುಗಿಸಿಕೊಂಡು ಕುಳಿತಿರು ಎಂದೆ. ನಾನು ಒಳಗೆ ಹೋಗಿ ಹುಚ್ಚನ ಹಾಗೆ ಒಬ್ಬನೇ ಮಾತಾಡಿದೆ. ಹೊರಗೆ ಬಂದರೆ ಚಾಲಕ ತಲೆ ಅಲ್ಲಾಡಿಸಿದ.

"ಏನೂ ಇಲ್ಲ ಮಾಮಾ. ಜರಾ ಆರಾಮ್ ಮಾಡ್ರಿ ನೀವು. ಬಿಸಲ್ ತಲಿಗಿ ಏರ್ಯಾದ."

ಮರುದಿನವೂ ಏನೂ ಇಲ್ಲ. ನನಗೇ ನನ್ನ ಮೇಲೆ ಸಂಶಯ ಬಂತು. ಬಿಟ್ಟುಬಿಡಬೇಕೆಂದಿದ್ದೆ. ಆಗಲೇ ಆಕೆಯ ಚಿಂಚೋಳಿ ಕಡೆಯ ವರ್ಗಾವಣೆ ಆದೇಶ ಸಹಿಗೆ ಹೋಗಿದೆ ಎಂದು ಪಿಎಸ್‌ಐ ಹೇಳಿದರು. ಇನ್ನೊಂದು ಸಲ ನೋಡೋಣವೆಂದು ಅವತ್ತು ಹಾಜರಿ ಮುಗಿದ ಕೂಡಲೇ, ಹೆಡ್ ಕಾನ್ಸ್‌ಟೇಬಲ್ ಮೈಕನ್ನು ಮೊಳೆಗೆ ಹಾಕಿ ಮುಖ ತೊಳೆಯಲು ಹೋದ ಹೊತ್ತಿಗೆ ಒಳಗೆ ಹೋಗಿ ಕುಳಿತೆ. ಏನು ಮಾತಾಡಬೇಕೆಂದು ತೋಚದೆ, ಹೊಲದಲ್ಲಿ ಕಳೆ ತೆಗೆಯುವಾಗ ಅಜ್ಜಿ ಹೇಳುತ್ತಿದ್ದ ನರಿಯ ಕಥೆ ಶುರು ಮಾಡಿದೆ. ನರಿ ಬಾವಿಯ ಹತ್ತಿರ ಬರುವಷ್ಟರಲ್ಲಿ ಚಾಲಕ ಬಾಗಿಲಲ್ಲಿ ನಿಂತಿದ್ದ. ಮಾತಿಲ್ಲ. ಕೈಯಿಂದ ಜೀಪಿನ ಕಡೆ ತೋರಿಸಿದ, ಆಮೇಲೆ ನನ್ನ ಬಾಯಿಯ ಕಡೆ.

ನಾನು ಬಾಯಿ ಮುಚ್ಚಿ ಮೊಳೆಯ ಹತ್ತಿರ ಹೋದೆ. ಮೈಕು ತಲೆಕೆಳಗಾಗಿ ನೇತಾಡುತ್ತಿತ್ತು. ಮೇಲೆ ಸರಿಸಿದ್ದ ಟ್ಯೂಬಿನ ಪಟ್ಟಿ ತನ್ನ ಭಾರಕ್ಕೆ ತಾನೇ ಜಾರಿ ಗುಂಡಿಯ ಮೇಲೆ ಕುಳಿತಿತ್ತು. ನೇರ ಹಾಕಿದ ದಿನ ಜಾರುವುದಿಲ್ಲ, ತಲೆಕೆಳಗು ಹಾಕಿದ ದಿನ ಜಾರುತ್ತದೆ. ಆರಿಸಿ ಆರಿಸಿ ಹೇಳುತ್ತಿದ್ದದ್ದು ಈ ಪಟ್ಟಿಯೇ. ಗುಂಡಿ ಒತ್ತಿದ್ದರೆ ಸೆಟ್ಟಿನ ಮುಖದ ಮೇಲೆ ಕೆಂಪು ದೀಪ ಹತ್ತಬೇಕು. ಹತ್ತಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಸೆಟ್ಟಿನ ಹಣೆಯ ವಿಭೂತಿಯನ್ನು ಹೆಬ್ಬೆರಳಿನಿಂದ ಒತ್ತಿ ಒರೆಸಿದೆ. ಕುಂಕುಮದ ಬೊಟ್ಟಿನ ಕೆಳಗೆ, ಗಟ್ಟಿಯಾಗಿ ಕುಳಿತಿದ್ದ ಬೂದಿಯ ಹಿಂದೆ, ದೀಪ ಉರಿಯುತ್ತಿತ್ತು.

ಹೆಡ್ ಕಾನ್ಸ್‌ಟೇಬಲ್ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದ. ಅವನು ಬಾಯಿ ತೆರೆಯುವ ಮೊದಲು ಅವನ ತೋಳು ಹಿಡಿದು ಹೊರಗೆ ಎಳೆದೆ. ಠಾಣೆಯ ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಹೇಳಿದೆ. ಅವನು ಕಟ್ಟೆಯ ಮೇಲೆ ಕುಸಿದು ಕುಳಿತ. ಊದಿದ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ.

"ಆ ಹೆಣ್ಣಮಗಳಿಗಿ ಏನೇನ್ ಅಂದೀವಿ ಮಾಮಾ" ಅಂದ.

ಅಲ್ಲಿಂದಲೇ ನಾನು ಸೇಡಂ ಕಡೆಯ ಗೆಳೆಯನಿಗೆ ಫೋನು ಹಚ್ಚಿದೆ. ಈ ಸಲ ಅವನು ಹೇಳಿದ. ಸಾಹೇಬರ ಕೈಕೆಳಗಿನ ಎಲ್ಲ ಠಾಣೆಗಳ ಸೆಟ್ಟಿನಲ್ಲೂ ನಮ್ಮ ಊಟದ ಮಾತು ಆಗಾಗ ಕೇಳುತ್ತಿತ್ತು. ಸ್ವಲ್ಪ ಹೊತ್ತು ಬಂದು ತಾನೇ ಕಟ್ಟಾಗುತ್ತಿತ್ತು. ಒಂದೇ ಸೆಟ್ಟು ಬಹಳ ಹೊತ್ತು ಚಾನೆಲ್ ಹಿಡಿದರೆ, ಮಾತನ್ನು ಎಲ್ಲ ಕಡೆ ಹಂಚುವ ಗುಡ್ಡದ ಮೇಲಿನ ಯಂತ್ರ ಅದನ್ನು ಮುಚ್ಚಿಬಿಡುತ್ತದೆ. "ಹೇಳಬೇಕಂದ್ವಿ. ಸಾಹೇಬ್ರು ಕೇಳ್ಳಿಕತ್ತಾರಂತ ಗೊತ್ತಿತ್ತು. ಹೇಳಿದವ್ರ್ ಯಾರಂತ ಅವ್ರು ಹುಡುಕಿದ್ರ?" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅಲ್ಲಿಯೂ ನಮ್ಮ ಹಾಗೆಯೇ ಒಬ್ಬರಿಗೊಬ್ಬರು ಅಂಜಿಕೊಂಡು ಕುಳಿತಿದ್ದರು.

ಚಾಲಕನ ತಲೆ ಮಾತ್ರ ಬೇರೆ ಕಡೆ ಓಡಿತ್ತು. "ಪಟ್ಟಿ ತೆಗಿಬ್ಯಾಡ್ರಿ. ಇನ್ನ ಮ್ಯಾಲ ನಾವೇ ಸಾಹೇಬ್ರಿಗಿ ಕಥಿ ಹೇಳಮ್. ಎಂಥಾ ಒಳ್ಳೇ ಸಾಹೇಬ್ರು, ಎಷ್ಟ್ ಚಂದ ಕೆಲಸ ಮಾಡ್ಲಿಕತ್ತೀವಿ. ಒಂದು ತಿಂಗಳಿಗಿ ಎಲ್ಲಾರಿಗೂ ಬಹುಮಾನ." ಹೆಡ್ ಕಾನ್ಸ್‌ಟೇಬಲ್‌ಗೂ ಅದು ಹಿಡಿಸಿತು. ಇಲ್ಲದಿದ್ದರೆ ಸದ್ದಿಲ್ಲದೆ ಪಟ್ಟಿ ತೆಗೆದು ಬಾವಿಗೆ ಹಾಕೋಣ ಅಂದ. ಎರಡರಲ್ಲೂ ತಲೆನೋವಿಲ್ಲ. ಆದರೆ ಎರಡರಲ್ಲೂ ಆಕೆ ಚಿಂಚೋಳಿಗೇ ಹೋಗುತ್ತಿದ್ದಳು. ಆದೇಶ ನಿಲ್ಲಿಸುವ ಕೈ ಒಂದೇ, ನಮ್ಮ ಮಾತು ಕೇಳುತ್ತಿದ್ದ ಸಾಹೇಬರ ಕೈ.

ಪಿಎಸ್‌ಐ ಎದುರು ಮೈಕು ಇಟ್ಟು ನಡೆದದ್ದನ್ನು ಹೇಳಿದೆ. ಅವರು ಅದನ್ನೂ ನನ್ನನ್ನೂ ನೋಡಿದರು.

"ರಿಪೇರಿಗಂತ ತೊಗೊಂಡ್ ಹೋಗ್ರಿ. ನಾ ಕಳಿಸೀನಂತ ಹೇಳ್ರಿ" ಅಂದರು. ಅಷ್ಟು ಅಂಜುವ ಹುಡುಗ 'ನಾ ಕಳಿಸೀನಂತ ಹೇಳ್ರಿ' ಅಂದದ್ದು ನನಗೆ ಇವತ್ತಿಗೂ ನೆನಪಿದೆ.

ಸಾಹೇಬರ ಕಚೇರಿಯಲ್ಲಿ ಅವರ ಬಲಗಡೆಗೆ ಅದೇ ಚಾನೆಲ್ಲಿನ ಸೆಟ್ಟು, ಫಳಫಳ ಹೊಸದು. ನಾನು ಸೆಲ್ಯೂಟ್ ಹೊಡೆದು, ಟ್ಯೂಬಿನ ಪಟ್ಟಿ ತೊಟ್ಟಿದ್ದ ಮೈಕನ್ನು ಮೇಜಿನ ಮೇಲಿಟ್ಟೆ. ಪಟ್ಟಿ ಗುಂಡಿಯ ಮೇಲೆಯೇ ಇತ್ತು.

"ಇದೇನು?"

"ರಿಪೇರಿಗ್ರಿ ಸಾಹೇಬ್ರ. ಗುಂಡಿ ಒತ್ತಿದ್ದು ಒತ್ತಿದಂಗೇ ಇರ್ತದ್ರಿ."

ಅವರು ಅದನ್ನು ಮುಟ್ಟಲಿಲ್ಲ. "ಯಾವಾಗಿನಿಂದ?"

"ನಮಗ್ ಇವತ್ತ್ ತಿಳೀತ್ರಿ." ಮತ್ತೆ ಹೇಳಿದೆ: "ತಮಗ್ ಮೊದ್ಲ ತಿಳದಿರಬೇಕ್ರಿ."

ಇಷ್ಟು ವರ್ಷದ ನೌಕರಿಯಲ್ಲಿ ಮೇಲಿನವರ ಎದುರು ನಾನು ಆಡಿದ ಮಾತುಗಳಲ್ಲಿ ಅದು ಅತಿ ಉದ್ದನೆಯದು ಅನಿಸಿತು. ಅವರು ಪೆನ್ನು ತೆಗೆದುಕೊಂಡು ರಿಪೇರಿ ಪತ್ರಕ್ಕೆ ಸಹಿ ಮಾಡಿದರು. ಪತ್ರವನ್ನು ನನ್ನ ಕಡೆ ತಳ್ಳಿದರು. ನಾನು ಅಲ್ಲೇ ನಿಂತೆ.

"ಮತ್ತೇನು?"

"ನಮ್ಮ ಹೆಣ್ಣಮಗಳ ಚಿಂಚೋಳಿ ಆರ್ಡರ್ರಿ."

"ಅವರೇ ಕೇಳಿದ್ದಾರಲ್ಲ."

"ಹೌದ್ರಿ. ಕೇಳೂವಂಗ ನಾವೇ ಮಾಡೀವ್ರಿ. ಆಕಿ ತಮಗ್ ಸುದ್ದಿ ಮುಟ್ಟಸ್ತಾಳಂತ ತಿಳದು."

ಅವರು ಪೆನ್ನು ಕೆಳಗಿಟ್ಟರು. "ಆಕೆ ನನಗೆ ಒಂದು ಮಾತೂ ಹೇಳಿಲ್ಲ."

"ಅದು ತಮಗೊಬ್ಬರಿಗೇ ಗೊತ್ತಿತ್ತ್ರಿ" ಅಂದೆ.

ಅವರು ಬಹಳ ಹೊತ್ತು ಮೈಕನ್ನೇ ನೋಡಿದರು. ಸಿಟ್ಟೋ, ನಾಚಿಕೆಯೋ, ನನ್ನ ಮೆಮೊಗೆ ಮಾತು ಹುಡುಕುತ್ತಿದ್ದರೋ, ನನಗೆ ಹೇಳಲಾಗುವುದಿಲ್ಲ. ಕೊನೆಗೆ, "ನೋಡುತ್ತೇನೆ, ಹೋಗಿ" ಅಂದರು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿದರು: "ಮೊಣಕಾಲು ಹೇಗಿದೆ?"

"ಹಂಗೇ ಅದರಿ" ಅಂದು ಬಂದೆ. ಆ ಪ್ರಶ್ನೆಯನ್ನೂ ನಾನು ಅನುಮಾನದಿಂದಲೇ ದಾರಿಯುದ್ದಕ್ಕೂ ತಿರುವಿ ನೋಡಿದೆ.

ಸಂಜೆ ಹೆಡ್ ಕಾನ್ಸ್‌ಟೇಬಲ್ ಎಲ್ಲರೆದುರು ಆಕೆಗೆ ನಡೆದದ್ದನ್ನು ಹೇಳಿ, ಸಹಿಗಳಿದ್ದ ಅರ್ಜಿಯನ್ನು ಹರಿದ. ಆಕೆ ನಿಂತು ಕೇಳಿದಳು. "ಆತ್ರಿ" ಅಂದಳು. ಚೀಲ ತೆಗೆದುಕೊಂಡು ವಾಡಿಯ ಬಸ್ಸಿಗೆ ಹೋದಳು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಕೆಲವು ದಿನಕ್ಕೆ ಆಕೆಯ ವರ್ಗಾವಣೆ ರದ್ದಾದ ಆದೇಶ ಬಂತು. ಕಾರಣ ಬರೆದಿರಲಿಲ್ಲ. ತಾಸಿಗೊಮ್ಮೆಯ ಹಾಜರಿ ಯಾರೂ ಹೇಳದೆ ಕೇಳದೆ ಮತ್ತೆ ಬೆಳಿಗ್ಗೆ ಸಂಜೆಗೆ ಇಳಿಯಿತು. ಫೋಟೋ ಮಾತ್ರ ಇವತ್ತಿಗೂ ಕಳಿಸುತ್ತೇವೆ. ಆಕೆ ಮೊದಲಿನ ಹಾಗೆಯೇ ಚೊಕ್ಕ ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಊಟ ಮಾತ್ರ ಮುಂದಿನ ಕೋಣೆಯಲ್ಲಿ, ಸೆಕೆಯಲ್ಲಿ, ಒಬ್ಬಳೇ. ಸ್ಟೂಲು ಮೂಲೆಯಲ್ಲೇ ಇತ್ತು. ಅದನ್ನು ಯಾರೂ ಸರಿಸಲಿಲ್ಲ.

ಮಳೆಗಾಲ ಕಳೆದು ಆಯುಧ ಪೂಜೆ ಬಂತು. ರೈಫಲ್ಲು, ಲಾಠಿ, ಜೀಪು, ಎಲ್ಲಕ್ಕೂ ಪೂಜೆ ಆಯಿತು. ಕೊನೆಗೆ ವೈರ್‌ಲೆಸ್ ಕೋಣೆ. ಹೆಡ್ ಕಾನ್ಸ್‌ಟೇಬಲ್ ವಿಭೂತಿಯ ಬಟ್ಟಲು ಹಿಡಿದು ಹಳೆಯ ಸೆಟ್ಟಿನ ಎದುರು ಸುಮ್ಮನೆ ನಿಂತುಬಿಟ್ಟ. ಕೈ ಮುಂದೆ ಹೋಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಕೆ ಒಳಗೆ ಬಂದು ಅವನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಮೂರು ಬೆರಳು ಅದ್ದಿ, ಸೆಟ್ಟಿನ ಹಣೆಗೆ ವಿಭೂತಿ ಎಳೆದಳು. ಕೆಂಪು ದೀಪದ ಹತ್ತಿರ ಬಂದಾಗ ಬೆರಳು ಎತ್ತಿ, ಅದನ್ನು ದಾಟಿಸಿ, ಆಚೆಯಿಂದ ಮತ್ತೆ ಎಳೆದಳು. ಕುಂಕುಮವನ್ನು ಕೆಳಗೆ, ಬೇರೆ ಜಾಗದಲ್ಲಿ ಇಟ್ಟಳು.

ಆಮೇಲೆ ಕೈ ತೊಳೆದುಕೊಂಡು ಬಂದು, ಮೂಲೆಯ ಸ್ಟೂಲಿನ ಮೇಲೆ ಕುಳಿತು ಡಬ್ಬಿ ತೆರೆದಳು.